ಹೆದ್ದಾರಿ ಹಾಕಿದ ಕೈಯಿಂದ ರೇಸ್ ಟ್ರ್ಯಾಕ್

ನಾನು ಸಿವಿಲ್ ಇಂಜಿನಿಯರ್, ಊರು ದಾವಣಗೆರೆ. 14 ವರ್ಷದಿಂದ ರಸ್ತೆ ಕೆಲಸವೇ ಮಾಡಿಕೊಂಡು ಬಂದಿದ್ದೇನೆ. ಮೂರು ವರ್ಷದ ಹಿಂದೆ ಪರಿಚಯದವರೊಬ್ಬರು ಫೋನ್ ಮಾಡಿ, ಚಿತ್ರದುರ್ಗದ ಹತ್ತಿರ ಹೊಳಲ್ಕೆರೆ ರಸ್ತೆ ಕಡೆ ಇರುವ ತಮ್ಮ ಜಮೀನಿನಲ್ಲಿ ಗೋ ಕಾರ್ಟ್, ಅಂದರೆ ಒಬ್ಬರೇ ಕೂರುವ ಪುಟ್ಟ ರೇಸ್ ಗಾಡಿ, ಓಡಿಸುವ ಟ್ರ್ಯಾಕ್ ಹಾಕಿಕೊಡಬೇಕು ಎಂದರು. ಸುಮಾರು 600 ಮೀಟರ್ ಉದ್ದ, 7 ಮೀಟರ್ ಅಗಲ. ಹೈಸ್ಕೂಲಿನಿಂದಲೂ ನನಗೆ ಫಾರ್ಮುಲಾ ಒನ್ ಹುಚ್ಚು. ದುಡ್ಡಿನ ಮಾತು ಆಡುವ ಮೊದಲೇ ಒಪ್ಪಿಕೊಂಡೆ.

ಡಾಂಬರಿನ ಕೆಲಸ ಚೆನ್ನಾಗಿ ಬಂತು. ಮೂರು ಮೀಟರಿನ ಪಟ್ಟಿ ಇಟ್ಟು ಬಗ್ಗಿ ನೋಡಿದರೆ ಅಡಿಯಲ್ಲಿ ಬೆಳಕು ಕಾಣುತ್ತಿರಲಿಲ್ಲ. ಮಳೆ ಬಂದರೆ ಒಂದು ಕಡೆಯೂ ನೀರು ನಿಲ್ಲುತ್ತಿರಲಿಲ್ಲ. ಪ್ರತಿ ತಿರುವಿಗೂ ಹೆದ್ದಾರಿಯ ಲೆಕ್ಕದಲ್ಲೇ ಹೊರಗಡೆ ಎತ್ತರ ಕೊಟ್ಟಿದ್ದೆ. ತಿರುವಿನ ಆಚೆ ಈಚೆ ಅಂಚಿಗೂ ಎರಡು ಮೀಟರ್ ಡಾಂಬರು ಹಾಕಿಸಿದ್ದೆ.

ತಿಂಗಳು ಕಳೆದ ಮೇಲೆ ನೋಡಲು ಹೋದೆ. ಕಾರ್ಟ್ ನೋಡಿಕೊಳ್ಳುವ ಹುಡುಗ ಚಹಾ ಕೊಟ್ಟು, ಸ್ವಲ್ಪ ಹಿಂಜರಿಯುತ್ತಲೇ ಹೇಳಿದ: 'ಸಾರ್, ರೋಡು ಸೂಪರ್ ಐತೆ. ಆದ್ರೆ ರೇಸು ಆಗಲ್ಲ. ಹಿಂದೆ ಬಿದ್ದೋನು ಹಿಂದೆನೇ.'

ಸಂಜೆ ಬಿಸಿಲು ಇಳಿದ ಮೇಲೆ ಒಬ್ಬನೇ ಟ್ರ್ಯಾಕ್ ಸುತ್ತ ನಡೆದೆ. ಅವನ ಮಾತು ನೆಲದ ಮೇಲೇ ಬರೆದಿತ್ತು. ಟೈರು ಉಜ್ಜಿ ಆದ ಕಪ್ಪು ಗೆರೆ ಪೂರ್ತಿ ಟ್ರ್ಯಾಕಿಗೆ ಒಂದೇ ಒಂದು. ಮೊದಲ ತಿರುವಿನಿಂದ ಕೊನೆಯ ತಿರುವಿನವರೆಗೆ ಎಲ್ಲರೂ ಅದರ ಮೇಲೇ ಹೋಗಿದ್ದರು. ಉಳಿದ ಅಗಲದ ಮೇಲೆ ಕೆಂಪು ಧೂಳು ಹಾಗೇ ಕೂತಿತ್ತು. ಕೆಲವು ಕಡೆ ನಾಯಿ ಹೆಜ್ಜೆಯೂ ಅಳಿಸದೆ ಇತ್ತು. 7 ಮೀಟರ್ ಅಗಲಕ್ಕೆ ಡಾಂಬರು ಹಾಕಿಸಿದ್ದೆ. ಜನ ಬಳಸಿದ್ದು ಒಂದೂವರೆ ಮೀಟರ್.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಎಲ್ಲಿ ಅಂತ ಯೋಚಿಸುತ್ತಾ ಹೋದ ಹಾಗೆ, ನಾನು ಹೆಮ್ಮೆಪಟ್ಟ ಕೆಲಸಗಳೇ ಒಂದೊಂದಾಗಿ ಮುಂದೆ ಬಂದು ನಿಂತವು. ಹೆದ್ದಾರಿಯಲ್ಲಿ ನಮ್ಮ ಗುರಿ ಏನು? ಓಡಿಸುವವನಿಗೆ ಎಲ್ಲೂ ಗಾಬರಿ ಆಗಬಾರದು. ಅದಕ್ಕೇ ನೇರ ರಸ್ತೆಯನ್ನು ತಿರುವಿಗೆ ಸೇರಿಸುವಾಗ ಬಾಗು ಸ್ವಲ್ಪ ಸ್ವಲ್ಪವಾಗಿ ಶುರುವಾಗುವ ಹಾಗೆ ಮಾಡುತ್ತೇವೆ. ಸ್ಟೀರಿಂಗ್ ತಾನೇ ತಿರುಗಿದಂತೆ ಅನಿಸಬೇಕು. ಚಿತ್ರದುರ್ಗದಿಂದ ದಾವಣಗೆರೆಗೆ ಬರುವ ಲಾರಿಯವರು ರಾತ್ರಿ ಎರಡು ಗಂಟೆಗೆ ಸುಸ್ತಾಗಿರುತ್ತಾರೆ, ಅಲ್ವಾ? ಅವರಿಗೆ ಅಂಥ ರಸ್ತೆಯೇ ಬೇಕು. ಅದನ್ನೇ ರೇಸ್ ಟ್ರ್ಯಾಕಿಗೂ ತಂದು ಹಾಕಿದ್ದೆ. 110 ಮೀಟರ್ ನೇರ ದಾರಿ ಮುಗಿದ ಕಡೆ ಬ್ರೇಕ್ ಮುಟ್ಟದೆಯೇ ತಿರುಗಬಹುದಿತ್ತು.

ಇಬ್ಬರ ಗಾಡಿಗೂ ಒಂದೇ ಎಂಜಿನ್ ಇದ್ದರೆ, ಹಿಂದಿನವನು ಮುಂದೆ ಹೋಗುವುದು ಹೆಚ್ಚಾಗಿ ಬ್ರೇಕ್ ಹಾಕುವ ಜಾಗದಲ್ಲೇ. ಮುಂದಿನವನಿಗಿಂತ ಎರಡು ಮೀಟರ್ ತಡವಾಗಿ ಬ್ರೇಕ್ ಹಾಕುವ ಧೈರ್ಯ ಮಾಡಬೇಕು. ಬ್ರೇಕೇ ಬೇಡದ ತಿರುವಿನಲ್ಲಿ ಆ ಧೈರ್ಯಕ್ಕೆ ಜಾಗವೇ ಇಲ್ಲ. ಇನ್ನೊಂದು ದಾರಿ ನೇರ ದಾರಿಗೆ ಮೊದಲಿನ ತಿರುವು. ಅದು ನಿಧಾನದ್ದಾಗಿದ್ದು ಮುಂದಿನವನು ಅಲ್ಲಿ ಸ್ವಲ್ಪ ಎಡವಿದರೂ, ಆ ನಷ್ಟ ನೇರ ದಾರಿಯ ಉದ್ದಕ್ಕೂ ಅವನ ಬೆನ್ನಿಗೆ ಅಂಟಿಕೊಂಡು ಬರುತ್ತದೆ.

ಫಾರ್ಮುಲಾ ಒನ್‌ನಲ್ಲಿ ಇದರ ಜೊತೆ ಗಾಳಿಯ ತೊಂದರೆಯೂ ಇದೆ. ಮುಂದಿನ ಕಾರು ಗಾಳಿಯನ್ನು ಕದಡಿ ಬಿಟ್ಟುಹೋಗುತ್ತದೆ. ವೇಗದ ತಿರುವಿನಲ್ಲಿ ಹಿಂದಿನ ಕಾರಿಗೆ ನೆಲದ ಹಿಡಿತ ಕಡಿಮೆಯಾಗುತ್ತದೆ, ಹತ್ತಿರ ಹೋಗಲು ಆಗುವುದಿಲ್ಲ. ಕಾರ್ಟಿಗೆ ಆ ಕಾಟ ಇಲ್ಲ. ಹಾಗಾಗಿ ನನ್ನ ಟ್ರ್ಯಾಕ್ ಸಪ್ಪೆಯಾದದ್ದಕ್ಕೆ ಗಾಳಿಯನ್ನು ದೂರುವಂತಿರಲಿಲ್ಲ. ತಪ್ಪೆಲ್ಲ ನಾನು ಎಳೆದ ಗೆರೆಯದೇ.

ಅಬುಧಾಬಿಯ ಯಾಸ್ ಮರೀನಾ ನೆನಪಾಯಿತು. 2009ರಲ್ಲಿ ಶುರುವಾದ, ಕಣ್ಣು ಕೋರೈಸುವ ಟ್ರ್ಯಾಕ್. 2010ರ ಕೊನೆಯ ರೇಸಿನಲ್ಲಿ ಚಾಲಕ ಅಲೊನ್ಸೊ ಅಲ್ಲಿ ಇನ್ನೊಬ್ಬ ಚಾಲಕ ಪೆಟ್ರೋವ್ ಹಿಂದೆ ಸಿಕ್ಕಿಹಾಕಿಕೊಂಡು, ದಾಟಲಾಗದೆ ಚಾಂಪಿಯನ್ ಪಟ್ಟವನ್ನೇ ವೆಟ್ಟೆಲ್‌ಗೆ ಬಿಟ್ಟುಕೊಟ್ಟ. ಅಲ್ಲಿ ಹೇರ್‌ಪಿನ್ ತಿರುವಿಗೆ, ಅಂದರೆ ಬಂದ ಕಡೆಗೇ ವಾಪಸ್ ತಿರುಗುವ ಬಿಗಿ ತಿರುವಿಗೆ, ಮೊದಲು ಒಂದು ಸಣ್ಣ ಅಂಕುಡೊಂಕು ಇತ್ತು. ಕಾರುಗಳು ಅಲ್ಲೇ ನಿಧಾನವಾಗಿ, ಸಾಲಾಗಿ ಹೇರ್‌ಪಿನ್‌ಗೆ ಬರುತ್ತಿದ್ದವು. 2021ರಲ್ಲಿ ಅದನ್ನು ಕಿತ್ತುಹಾಕಿ ಹೇರ್‌ಪಿನ್ ಅಗಲ ಮಾಡಿದರು. ನಮ್ಮದೇ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ, 5.125 ಕಿಲೋಮೀಟರಿನ ಆ ಟ್ರ್ಯಾಕಿನಲ್ಲಿ, ಕೆಲವು ತಿರುವುಗಳ ಬಾಯಿಯನ್ನು ಮೊದಲೇ ಅಗಲವಾಗಿ ಬಿಟ್ಟಿದ್ದರು. ಒಳಗಿನಿಂದ ನುಗ್ಗಬೇಕೋ, ಹೊರಗಿನಿಂದ ಬಂದು ಆಮೇಲೆ ಒಳಗೆ ಕತ್ತರಿಸಬೇಕೋ ಎಂದು ಓಡಿಸುವವನು ಯೋಚಿಸಬೇಕು. ಆ ಟ್ರ್ಯಾಕಿನಲ್ಲಿ 2011ರಿಂದ 2013ರವರೆಗೆ ಮೂರೇ ಸಲ ಫಾರ್ಮುಲಾ ಒನ್ ನಡೆಯಿತು. ನನಗೆ ಇವತ್ತಿಗೂ ಅದು ಹೊಟ್ಟೆ ಉರಿಯುವ ವಿಷಯ.

ಹಾಗಾದರೆ ಮೊನಾಕೊ? 2024ರಲ್ಲಿ ಅಲ್ಲಿ ಮೊದಲ ಹತ್ತು ಜನ ಯಾವ ಸಾಲಿನಲ್ಲಿ ಹೊರಟರೋ ಅದೇ ಸಾಲಿನಲ್ಲಿ ಮುಗಿಸಿದರು. ಭಾನುವಾರ ಕೂತು ನೋಡುವವರಿಗೆ ಅದು ಸಪ್ಪೆಯೇ. ಆದರೆ ಶನಿವಾರ, ಭಾನುವಾರದ ಸಾಲು ತೀರ್ಮಾನಿಸಲು ಒಬ್ಬೊಬ್ಬರೇ ಗೋಡೆಗೆ ತಾಗುವಷ್ಟು ಹತ್ತಿರ ಓಡಿಸುವಾಗ, ಅದಕ್ಕಿಂತ ಮೈ ಜುಮ್ಮೆನ್ನುವ ಟ್ರ್ಯಾಕ್ ಇಲ್ಲ. ಒಬ್ಬನನ್ನು ಪರೀಕ್ಷೆ ಮಾಡುವ ಟ್ರ್ಯಾಕ್ ಬೇರೆ, ಇಬ್ಬರನ್ನು ಜಗಳಕ್ಕೆ ಬಿಡುವ ಟ್ರ್ಯಾಕ್ ಬೇರೆ. ಎರಡೂ ಸೇರಿರುವುದು ಬಹಳ ಕಡಿಮೆ. ನನ್ನ ಲೆಕ್ಕದಲ್ಲಿ ಬ್ರೆಜಿಲ್‌ನ ಇಂಟರ್‌ಲಾಗೋಸ್ ಅಂಥದ್ದು. ನನ್ನ ಟ್ರ್ಯಾಕ್ ಎರಡರಲ್ಲೂ ಇರಲಿಲ್ಲ.

ಮಾಲೀಕರಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅಗೆಯುವ ಖರ್ಚಿನಲ್ಲಿ ಅರ್ಧ ನನ್ನದು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಈ ಸಲನಾದ್ರೂ ಆ ಹುಡುಗನ್ನ ಕೇಳಿ ಮಾಡಿ ಇಂಜಿನಿಯರೇ' ಎಂದರು. ಕೇಳಿದೆ.

ನೇರ ದಾರಿಯ ಕೊನೆಯಲ್ಲಿ 40 ಮೀಟರ್ ಡಾಂಬರು ಕಿತ್ತೆವು. ನಿಧಾನವಾಗಿ ಶುರುವಾಗುತ್ತಿದ್ದ ಬಾಗು ತೆಗೆದು, ಒಮ್ಮೆಲೇ ತಿರುಗುವ ಬಿಗಿ ಹೇರ್‌ಪಿನ್ ಮಾಡಿದೆವು. ಅದರ ಬಾಯಿ 7 ಮೀಟರಿನಿಂದ 10 ಮೀಟರ್ ಆಯಿತು. ಹೊರಗಿನ ಎತ್ತರವನ್ನೂ ತೆಗೆಸಿದೆ. ಇದು ಆ ಹುಡುಗ ಹೇಳಿಕೊಟ್ಟಿದ್ದು. ಕಾರ್ಟಿನ ಹಿಂದಿನ ಎರಡು ಚಕ್ರವೂ ಒಂದೇ ಗಟ್ಟಿ ಆಕ್ಸಲ್‌ಗೆ ಕೂತಿರುತ್ತವೆ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ತಿರುಗುವಾಗ ಒಳಗಿನ ಹಿಂದಿನ ಚಕ್ರ ನೆಲದಿಂದ ಒಂದಿಷ್ಟು ಏಳಬೇಕು, ಇಲ್ಲದಿದ್ದರೆ ಗಾಡಿ ಸರಿಯಾಗಿ ತಿರುಗುವುದಿಲ್ಲ. ಹೊರಗಡೆ ಎತ್ತರ ಇದ್ದರೆ ಅದು ಏಳುವುದು ಕಷ್ಟ. ಬಿಗಿ ತಿರುವಿನಲ್ಲಿ ಅದನ್ನು ಎಬ್ಬಿಸುವುದೇ ಓಡಿಸುವವನ ಕೈಚಳಕ. ಹತ್ತು ಸಲ ಓಡಿಸಿ ತೋರಿಸಿದ. ನಾನು ತಿರುವಿನ ಒಳಗಡೆ ನೆಲದ ಮಟ್ಟಕ್ಕೆ ಬಗ್ಗಿ ಕೂತು ನೋಡಿದೆ. ಚಕ್ರದ ಕೆಳಗೆ ಒಂದು ಬೆರಳು ತೂರುವಷ್ಟು ಬೆಳಕು.

ಅಂಚಿನ ಡಾಂಬರನ್ನೂ ಕೆರೆಸಿ ಮಣ್ಣು ಹಾಕಿಸಿದೆ. ತಪ್ಪು ಮಾಡಿದವನು ಡಾಂಬರಿನ ಮೇಲೆ ಆರಾಮಾಗಿ ಸುತ್ತಿಕೊಂಡು ವಾಪಸ್ ಬರುತ್ತಿದ್ದ, ಏನೂ ಕಳೆದುಕೊಳ್ಳುತ್ತಿರಲಿಲ್ಲ. 2023ರಲ್ಲಿ ಆಸ್ಟ್ರಿಯಾದ ಫಾರ್ಮುಲಾ ಒನ್ ರೇಸಿನಲ್ಲಿ ಟ್ರ್ಯಾಕಿನ ಅಂಚಿನ ಗೆರೆ ದಾಟಿದ ದೂರುಗಳೇ 1200 ದಾಟಿದ್ದವು. ಮರುವರ್ಷ ಅಲ್ಲಿ ಅಂಚಿಗೆ ಜಲ್ಲಿ ಪಟ್ಟಿ ಹಾಕಿದರು. ಆದರೆ ನಮ್ಮಲ್ಲಿ ಓಡಿಸುವವರು ಕಾಲೇಜು ಮಕ್ಕಳು. ಹಾಗಾಗಿ ಟೈರಿನ ಗೋಡೆಯನ್ನು ಇನ್ನೂ ದೂರ ಸರಿಸಿ, ಟೈರುಗಳನ್ನು ಒಂದಕ್ಕೊಂದು ಬಿಗಿಸಿ, ಮುಂದೆ ರಬ್ಬರ್ ಬೆಲ್ಟ್ ಹೊದಿಸಿದೆವು.

ಒಂದನ್ನು ಮಾತ್ರ ಸರಿಮಾಡಲು ಆಗಲಿಲ್ಲ. ಆ ಜಮೀನಿನ ಮೂಲೆಯಲ್ಲಿ ಆಳೆತ್ತರದ ಒಂದು ಕೆಂಪು ದಿಬ್ಬ ಇತ್ತು. ಮೊದಲ ವಾರವೇ ಜೆಸಿಬಿ ತರಿಸಿ ಎರಡು ದಿನದಲ್ಲಿ ಮಟ್ಟ ಮಾಡಿಸಿದ್ದೆ. ನಮ್ಮ ಕೆಲಸದಲ್ಲಿ ದಿಬ್ಬ ಕಂಡರೆ ಮೊದಲು ಕಡಿಯುವುದೇ ಅಭ್ಯಾಸ. ಆದರೆ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಜನ ಹುಚ್ಚಾಗಿ ಮೆಚ್ಚುವುದು ಗುಡ್ಡ ಹತ್ತುವ ಓ ರೂಜ್ ತಿರುವನ್ನೇ. ಅಮೆರಿಕದ ಆಸ್ಟಿನ್ ಟ್ರ್ಯಾಕಿನಲ್ಲಿ ಮೊದಲ ತಿರುವಿಗೆ ಸುಮಾರು 40 ಮೀಟರ್ ಏರು ಹತ್ತಬೇಕು. ಜಪಾನಿನ ಸುಜುಕಾ ಟ್ರ್ಯಾಕ್ ಮಾಡುವಾಗ ಭತ್ತದ ಗದ್ದೆ ಹಾಳಾಗಬಾರದು ಎಂದು ಗುಡ್ಡದ ಕಡೆ ಹೋದರು, 1962ರಲ್ಲಿ ಆ ಏರಿಳಿತದ ಟ್ರ್ಯಾಕ್ ಬಂತು. ನನಗೆ ಏರು ಪುಕ್ಕಟೆ ಸಿಕ್ಕಿತ್ತು. ಮಣ್ಣು ಮತ್ತೆ ಗುಡ್ಡೆ ಹಾಕಬಹುದು, ಆದರೆ ಪದರ ಪದರವಾಗಿ ಒತ್ತಿ ಗಟ್ಟಿ ಮಾಡದಿದ್ದರೆ ಮೇಲೆ ಹಾಕಿದ ಡಾಂಬರು ಬಿರುಕು ಬಿಡುತ್ತದೆ, ಅದೇ ಇನ್ನೊಂದು ದೊಡ್ಡ ಕೆಲಸ. ಈಗ ಯಾವ ಹೊಸ ಕೆಲಸಕ್ಕೆ ಹೋದರೂ ಮೊದಲ ದಿನ ನೆಲದ ಏರಿಳಿತ ಅಳೆಯುವ ಲೆವೆಲ್ ಯಂತ್ರ ಇಳಿಸುವುದಿಲ್ಲ. ಸುಮ್ನೆ ಜಾಗದಲ್ಲಿ ಒಂದು ಸುತ್ತು ನಡೆಯುತ್ತೇನೆ.

ಹೋದ ತಿಂಗಳು ಮತ್ತೆ ಹೋಗಿದ್ದೆ. ಭಾನುವಾರ ಬೆಳಿಗ್ಗೆ, ರೇಸಿಗೆ ಮೊದಲು, ಆ ಹುಡುಗ ಕಸಪೊರಕೆ ಹಿಡಿದು ಹೇರ್‌ಪಿನ್ನಿನ ಒಳಭಾಗದ ಧೂಳು ಗುಡಿಸುತ್ತಿದ್ದ. ಮೊದಲೆಲ್ಲ ಆ ಜಾಗಕ್ಕೆ ಯಾರೂ ಹೋಗುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದೆ. ತಿರುವಿನ ಬಾಯಲ್ಲಿ ಈಗ ಎರಡು ಕಪ್ಪು ಗೆರೆ ಇವೆ. ಒಂದು ಹೊರಗಿನಿಂದ ಬರುತ್ತದೆ, ಇನ್ನೊಂದು ಒಳಗಿನಿಂದ. ತಿರುವು ದಾಟಿದ ಮೇಲೆ ಒಂದನ್ನೊಂದು ಅಡ್ಡ ಹಾಯುತ್ತವೆ. ಹಾಯುವ ಕಡೆ ಡಾಂಬರಿನ ಬಣ್ಣವೇ ಕಾಣದಷ್ಟು ಟೈರಿನ ಗುರುತು ಕೂತಿದೆ.