ಓವನ್ ಬಿಸಿ ಇದೆ, ಇನ್ನೇನಿದೆ?

ನಮ್ಮ ಓವನ್ನಿನ ಒಳಗಿನ ಬಲ್ಬ್ ಸುಟ್ಟುಹೋಗಿದೆ. ಹಾಗಾಗಿ ಕೇಕ್ ಬೇಯುವಾಗ ಐದು ವರ್ಷದ ಮಗ ಟಾರ್ಚ್ ಹಿಡಿದು ಗಾಜಿನ ಬಾಗಿಲ ಮುಂದೆ ಕೂರುತ್ತಾನೆ. ನೆಲದ ಮೇಲೆ ಒಂದು ಹಳದಿ ಟೇಪ್ ಅಂಟಿಸಿದ್ದೇನೆ, ಅದನ್ನು ದಾಟುವಂತಿಲ್ಲ. ಅಲ್ಲಿಂದಲೇ ಎರಡು ನಿಮಿಷಕ್ಕೊಂದು ಸುದ್ದಿ ಬರುತ್ತದೆ. "ಅಪ್ಪ, ಇನ್ನೂ ನೀರು ನೀರು." "ಅಪ್ಪ, ಹೊಟ್ಟೆ ಬಂತು." "ಅಪ್ಪ, ಬಿರುಕು ಬಿಡ್ತಾ ಇದೆ, ಬೇಗ ಬಾ!"

ಭಾನುವಾರ ನನ್ನ ಹೆಂಡತಿಗೆ ಡ್ಯೂಟಿ. ಮನೆಯಲ್ಲಿ ನಾನು, ಒಂಬತ್ತು ವರ್ಷದ ಮಗಳು, ಮತ್ತು ಈ ಟಾರ್ಚ್ ಸಾಹೇಬರು. ಮಕ್ಕಳನ್ನು ಮಧ್ಯಾಹ್ನ ಟಿವಿಯಿಂದ ದೂರ ಇಡಲು ಬೇಕಿಂಗ್ ಶುರು ಮಾಡಿದೆ. ಮೊದಲ ತಿಂಗಳು ಮಕ್ಕಳು ಕೇಳಿದಾಗಲೆಲ್ಲ ಮಾಡಿದೆವು. ಮಂಗಳವಾರ ಸಂಜೆ ಎಂಟು ಬಿಸ್ಕೆಟ್. ಗುರುವಾರ ಒಂದು ಪುಟ್ಟ ಕೇಕ್. ಶನಿವಾರ ಮತ್ತೆ ಬಿಸ್ಕೆಟ್, ಯಾಕಂದ್ರೆ ಮಂಗಳವಾರದ್ದು ಬುಧವಾರಕ್ಕೇ ಖಾಲಿ. ತಿಂಗಳ ಕೊನೆಗೆ ಕರೆಂಟ್ ಬಿಲ್ ನೋಡಿ ಹೆಂಡತಿ ಏನೂ ಹೇಳಲಿಲ್ಲ. ಬಿಲ್ಲನ್ನು ಓವನ್ನಿನ ಮೇಲೆ ಇಟ್ಟು ಹೋದಳು.

ಮನೆಯಲ್ಲಿ ಮಾಡಿದರೆ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಮೈದಾ, ಸಕ್ಕರೆ, ಎಣ್ಣೆಯ ಲೆಕ್ಕ ಹಾಕಿದರೆ ಅಗ್ಗವೇ. ಬಿಸಿಯ ಲೆಕ್ಕ ಯಾರೂ ಹಾಕುವುದಿಲ್ಲ. ಎಂಟು ಬಿಸ್ಕೆಟ್ ಇಡುವ ಮೊದಲೂ ಓವನ್ ಹತ್ತು ಹದಿನೈದು ನಿಮಿಷ ಖಾಲಿಯಾಗಿ ಕಾಯಬೇಕು. ಎರಡು ಟ್ರೇ ಇಡುವ ಮೊದಲೂ ಅಷ್ಟೇ. ಅಂದರೆ ಓವನ್ ಒಂದು ಬಾಡಿಗೆ ಗಾಡಿ ಇದ್ದ ಹಾಗೆ. ಸೀಟು ತುಂಬಿದ ಮೇಲೆ ಹೊರಟರೆ ಮಾತ್ರ ಗಿಟ್ಟುತ್ತದೆ.

ಅಂದಿನಿಂದ ನಮ್ಮಲ್ಲಿ ಒಂದೇ ನಿಯಮ. ಓವನ್ ಹಚ್ಚುವುದು ವಾರಕ್ಕೆ ಒಂದು ಸಲ, ಹಚ್ಚಿದ ಮೇಲೆ ಖಾಲಿ ಬಿಡುವಂತಿಲ್ಲ. ಮೊದಲ ಟ್ರೇ ಒಳಗೆ ಹೋದ ಕೂಡಲೇ ಮಗಳು ಕೂಗುತ್ತಾಳೆ: "ಓವನ್ ಬಿಸಿ ಇದೆ, ಇನ್ನೇನಿದೆ?" ಆಮೇಲೆ ಫ್ರಿಜ್ ತಡಕಾಟ. ಬಾಡಿದ ಕ್ಯಾರೆಟ್, ಮೊಳಕೆ ಬರಲು ಹೊಂಚು ಹಾಕುತ್ತಿರುವ ಈರುಳ್ಳಿ, ಮೆತ್ತಗಾದ ಟೊಮೆಟೊ ಎಲ್ಲಾ ಹೊರಗೆ ಬರುತ್ತವೆ.

ಇದಕ್ಕೊಂದು ಕ್ರಮ ಇದೆ. ಜಾಸ್ತಿ ಬಿಸಿ ಬೇಕಾದ್ದು ಮೊದಲು, ಕಡಿಮೆ ಬೇಕಾದ್ದು ಆಮೇಲೆ. ಬ್ರೆಡ್ಡಿಗೂ ತರಕಾರಿಗೂ 200 ಡಿಗ್ರಿ. ಅವು ಹೊರಬಂದ ಮೇಲೆ 180ಕ್ಕೆ ಇಳಿಸಿ ಕೇಕ್. ಇನ್ನೂ ಸ್ವಲ್ಪ ಇಳಿಸಿ 170ರಲ್ಲಿ ಬಿಸ್ಕೆಟ್. ಕೊನೆಗೆ ಓವನ್ ಆರಿಸಿ, ಉಳಿದ ಬಿಸಿಯಲ್ಲಿ ಹಳೆಯ ಬ್ರೆಡ್ ಚೂರುಗಳನ್ನು ಒಣಗಿಸುವುದು. ಉಲ್ಟಾ ಮಾಡಿದರೆ ಮತ್ತೆ ಬಿಸಿ ಏರಿಸಲು ಕರೆಂಟ್ ದಂಡ. ಒಂದು ಸಲ ಆತುರಕ್ಕೆ ಬಿದ್ದು ಕೇಕನ್ನೂ ತರಕಾರಿಯನ್ನೂ ಒಟ್ಟಿಗೇ ಇಟ್ಟೆ. ಟೊಮೆಟೊದ ಹಬೆಯಲ್ಲಿ ಕೇಕಿನ ಮೇಲ್ಭಾಗ ಅಂಟಂಟಾಗಿ ಉಳಿಯಿತು. ತಿಂದೆವು ಅನ್ನಿ. ಬೆಳ್ಳುಳ್ಳಿ ವಾಸನೆಯ ಬಾಳೆಹಣ್ಣಿನ ಕೇಕ್ ತಿಂದವರು ಎಷ್ಟು ಜನ ಇದ್ದಾರೋ ಗೊತ್ತಿಲ್ಲ, ನಾವು ಮೂವರಂತೂ ಇದ್ದೇವೆ.

ಬ್ರೆಡ್ ಹಿಟ್ಟಿನಿಂದ ನಮ್ಮ ಭಾನುವಾರ ಶುರು. 500 ಗ್ರಾಂ ಹಿಟ್ಟು, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 10 ಗ್ರಾಂ ಉಪ್ಪು, ಒಂದು ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಎಣ್ಣೆ, ಸುಮಾರು 320 ಮಿಲಿಲೀಟರ್ ಉಗುರುಬೆಚ್ಚಗಿನ ನೀರು. ಅರ್ಧ ಮೈದಾ, ಅರ್ಧ ಗೋಧಿಹಿಟ್ಟು ಹಾಕಿದರೂ ಆಗುತ್ತದೆ, ನೀರು ಒಂದೆರಡು ಚಮಚ ಜಾಸ್ತಿ ಬೇಕು. ಯೀಸ್ಟ್ ಜೀವ ಇರುವ ವಸ್ತು. 60 ಡಿಗ್ರಿ ಹತ್ತಿರದ ನೀರು ಹಾಕಿದರೆ ಸತ್ತೇ ಹೋಗುತ್ತದೆ. ನಾನು ಎರಡನೇ ವಾರ ಕೊಂದಿದ್ದೆ. ಮೂರು ಗಂಟೆ ಕಾದರೂ ಹಿಟ್ಟು ಏಳಲಿಲ್ಲ. "ಅದಕ್ಕೆ ನಿದ್ದೆ ಬಂದಿದೆ" ಅಂತ ಮಗ ಟವೆಲ್ ಹೊದಿಸಿದ. ಈಗ ಮಗಳು ನೀರಿಗೆ ಕಿರುಬೆರಳು ಅದ್ದಿ ನೋಡುತ್ತಾಳೆ. ಸ್ನಾನದ ನೀರಿಗಿಂತ ಬಿಸಿ ಇದ್ದರೆ ಕಾಯಬೇಕು.

ಹತ್ತು ನಿಮಿಷ ನಾದುವುದು ಮಕ್ಕಳ ಕೆಲಸ. ಅಣ್ಣ ತಂಗಿಯಲ್ಲ, ಅಕ್ಕ ತಮ್ಮ. ಆದ್ದರಿಂದ ಹಿಟ್ಟು ಭಾಗ ಮಾಡುವಾಗ ಜಗಳ ಇದ್ದೇ ಇರುತ್ತದೆ. ತೂಕದ ಮಷಿನ್ ಮುಂದೆ ಇಟ್ಟರೆ ಜಗಳ ನಿಲ್ಲುತ್ತದೆ. ಬೇಕಿಂಗಿಗೆ ಅಂತ ನಾನು ದುಡ್ಡು ಕೊಟ್ಟು ತಂದ ಒಂದೇ ವಸ್ತು ಅದು. ಕೇಕ್ ಅಚ್ಚಿಗೆ ಹಳೆಯ ಸ್ಟೀಲ್ ಡಬ್ಬಿ, ಬಿಸ್ಕೆಟ್ ಕತ್ತರಿಸಲು ಲೋಟದ ಬಾಯಿ, ಲಟ್ಟಣಿಗೆ ಹೇಗೂ ಇತ್ತು. ತೂಕ ಮಾತ್ರ ಬೇಕೇ ಬೇಕು. ಒಂದು ಕಪ್ ಮೈದಾ ಹಗುರವಾಗಿ ತುಂಬಿದರೆ 120 ಗ್ರಾಂ ಬರಬಹುದು, ಒತ್ತಿ ತುಂಬಿದರೆ 150 ದಾಟಬಹುದು. ಐದು ವರ್ಷದ ಹುಡುಗ ಕಪ್ ಹೇಗೆ ತುಂಬುತ್ತಾನೆ ಅಂತ ಹೇಳಬೇಕಾ? ಮಷಿನ್ನಿನಲ್ಲಿ ಅಂಕಿ ಏರುವುದನ್ನು ನೋಡುತ್ತಾ ಚಮಚ ಚಮಚ ಹಾಕುವಾಗ ಅವನು ಉಸಿರು ಕೂಡ ಬಿಡುವುದಿಲ್ಲ. ನೂರರವರೆಗೆ ಎಣಿಸಲು ಅವನು ಕಲಿತದ್ದೂ ಹಾಗೇ.

ಹಿಟ್ಟು ಒಂದು ಒಂದೂವರೆ ಗಂಟೆಯಲ್ಲಿ ಎರಡರಷ್ಟಾಗುತ್ತದೆ. ಮೂರರಲ್ಲಿ ಎರಡು ಪಾಲು ಬ್ರೆಡ್ಡಿಗೆ. ಡಬ್ಬಿಯಲ್ಲಿ ಇನ್ನೊಮ್ಮೆ ಮುಕ್ಕಾಲು ಗಂಟೆ ಉಬ್ಬಲು ಬಿಟ್ಟು, 200 ಡಿಗ್ರಿಯಲ್ಲಿ ಅರ್ಧ ಗಂಟೆ. ತೆಗೆದು ತಳಕ್ಕೆ ಬೆರಳಿನಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು ಬರಬೇಕು. ಉಳಿದ ಒಂದು ಪಾಲನ್ನು ಎಣ್ಣೆ ಸವರಿದ ಪಾತ್ರೆಯಲ್ಲಿ ಮುಚ್ಚಿ ಫ್ರಿಜ್ಜಿಗೆ. ಸೋಮವಾರ ರಾತ್ರಿ ಅದನ್ನೇ ತೆಳ್ಳಗೆ ತಟ್ಟಿ, ಬಾಣಲೆಯಲ್ಲಿ ಒಂದು ಬದಿ ಬೇಯಿಸಿ ತಿರುವಿ, ಮೇಲೆ ತರಕಾರಿ ಚೀಸ್ ಹಾಕಿ ಮುಚ್ಚಳ ಮುಚ್ಚಿದರೆ ಪಿಜ್ಜಾ. ಓವನ್ ಬೇಡವೇ ಬೇಡ.

ಬ್ರೆಡ್ಡಿನ ಪಕ್ಕದ ಜಾಗ ಸೂಪಿನದು. ನಾಲ್ಕೈದು ಟೊಮೆಟೊ, ಎರಡು ಈರುಳ್ಳಿ, ಒಂದು ಕ್ಯಾರೆಟ್, ಸಿಪ್ಪೆ ಸಮೇತ ಆರು ಎಸಳು ಬೆಳ್ಳುಳ್ಳಿ. ಎಣ್ಣೆ ಉಪ್ಪು ಸವರಿ ನಲವತ್ತು ನಿಮಿಷ. ಅಂಚು ಕಪ್ಪಗಾದರೆ ಹೆದರಬೇಡಿ, ರುಚಿ ಇರುವುದೇ ಅಲ್ಲಿ. ಬೆಳ್ಳುಳ್ಳಿ ಹಿಂಡಿದರೆ ಪೇಸ್ಟಿನ ಹಾಗೆ ಜಾರಿ ಬರುತ್ತದೆ. ಎಲ್ಲಾ ಮಿಕ್ಸಿಗೆ ಹಾಕಿ, ಬೇಯಿಸಿದ ಒಂದು ಆಲೂಗಡ್ಡೆ ಸೇರಿಸಿ ರುಬ್ಬಿದರೆ ಕ್ರೀಮ್ ಇಲ್ಲದೆಯೂ ದಪ್ಪ ಸೂಪ್. ಬರೀ ಕ್ಯಾರೆಟ್ ಕೊಟ್ಟರೆ ಮುಖ ತಿರುಗಿಸುವ ನನ್ನ ಮಗಳು ಇದನ್ನು ಎರಡು ಬಟ್ಟಲು ಕುಡಿಯುತ್ತಾಳೆ. ಕ್ಯಾರೆಟ್ ಹಾಕುವವಳೂ ಅವಳೇ, ಹಾಗಾಗಿ ಮೋಸ ಮಾಡಿದೆ ಅಂತ ನನ್ನ ಮೇಲೆ ಹೇಳುವಂತಿಲ್ಲ.

ಇನ್ನು ಕೇಕ್. ಮೊಟ್ಟೆ, ಬೆಣ್ಣೆ, ಹಾಲು ಮೂರೂ ಇಲ್ಲದ ಚಾಕೊಲೇಟ್ ಕೇಕ್ ನಮ್ಮನೆಯ ತಿಂಗಳ ಕೊನೆಯ ಕೇಕ್. 190 ಗ್ರಾಂ ಮೈದಾ, 180 ಗ್ರಾಂ ಸಕ್ಕರೆ, ಮೂರು ದೊಡ್ಡ ಚಮಚ ಕೋಕೋ ಪುಡಿ, ಒಂದು ಚಿಕ್ಕ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು. ಇವನ್ನು ಜರಡಿ ಹಿಡಿದು, 80 ಮಿಲಿಲೀಟರ್ ಎಣ್ಣೆ, 240 ಮಿಲಿಲೀಟರ್ ನೀರು, ಕೊನೆಗೆ ಒಂದು ದೊಡ್ಡ ಚಮಚ ವಿನೆಗರ್. 180 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ವಿನೆಗರ್ ಬಿದ್ದ ಜಾಗದಲ್ಲಿ ನೊರೆ ಏಳುವುದನ್ನು ನೋಡಲು ಇಬ್ಬರೂ ತಲೆಗೆ ತಲೆ ಹೊಡೆದುಕೊಳ್ಳುತ್ತಾರೆ. ಸೋಡಾಕ್ಕೆ ಹುಳಿ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ, ಆ ಗುಳ್ಳೆಗಳೇ ಕೇಕನ್ನು ಎತ್ತುವುದು. ಗುಳ್ಳೆ ಆರಿಹೋಗುವ ಮುಂಚೆ ಒಲೆ ಸೇರಬೇಕು. ಹಾಗಾಗಿ ಡಬ್ಬಿಗೆ ಎಣ್ಣೆ ಸವರುವ ಕೆಲಸ ಮೊದಲೇ ಮುಗಿದಿರಲಿ.

ಸೋಡಾ ವಿಷಯದಲ್ಲಿ ನನ್ನದೊಂದು ಕಥೆ ಇದೆ. ಒಮ್ಮೆ ಕೇಕ್ ಚೆನ್ನಾಗಿ ಉಬ್ಬಲಿ ಅಂತ ಒಂದರ ಬದಲು ಮೂರು ಚಮಚ ಸುರಿದೆ. ಟಾರ್ಚ್ ಸಾಹೇಬರು ರೋಮಾಂಚನಗೊಂಡು ವರದಿ ಕೊಟ್ಟರು, ಡಬ್ಬಿಯ ಆಚೆ ಬರುತ್ತಿದೆ ಅಂತ. ಐದೇ ನಿಮಿಷ. ಆಮೇಲೆ ಗುಂಡಿ ಬಿತ್ತು. ಬಾಯಿಗಿಟ್ಟರೆ ಸೋಪು. ಹುಳಿ ಸಾಲದೆ ಉಳಿದುಹೋದ ಸೋಡಾದ ರುಚಿ ಅದು. ಮಗಳು ನಯವಾಗಿ ಹೇಳಿದಳು, "ಅಪ್ಪ, ಇದರಲ್ಲಿ ಪಾತ್ರೆ ತೊಳೀಬಹುದು."

ಬೇಕಿಂಗ್ ಪೌಡರ್ ಆದರೆ ಅದರಲ್ಲೇ ಸೋಡಾ ಜೊತೆ ಒಣ ಹುಳಿಯ ಪುಡಿಯೂ ಸೇರಿರುತ್ತದೆ, ಬೇರೆ ಹುಳಿ ಬೇಡ. ಅದರ ಹಿಂದೆ ಒಂದು ಮನೆಯ ಕಥೆ ಇದೆ, ನನಗೆ ತುಂಬಾ ಇಷ್ಟ. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ಅಂಗಡಿಯವನ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಆತ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ, 1843ರಲ್ಲಿ ಯೀಸ್ಟ್ ಇಲ್ಲದೆ ಬ್ರೆಡ್ ಉಬ್ಬಿಸುವ ಪುಡಿ ಮಾಡಿದ. ಇದನ್ನು ಹೆಂಡತಿಗೆ ಹೇಳಿದೆ. "ನೀನು ಮೊದಲು ಪಾತ್ರೆ ತೊಳಿ" ಅಂದಳು. ಡಬ್ಬದ ಪುಡಿ ಹಳೆಯದಾಗಿದೆಯಾ ಅಂತ ಅನುಮಾನ ಬಂದರೆ ಅರ್ಧ ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ. ಭರ್ರನೆ ನೊರೆ ಬಂದರೆ ಸರಿ. ಸುಮ್ನೆ ತಳ ಸೇರಿದರೆ ಅದಕ್ಕಾಗಿ ಒಂದು ಕೇಕ್ ಹಾಳು ಮಾಡಬೇಡಿ.

ಬಾಳೆಹಣ್ಣಿನ ಕೇಕಿಗೆ ಕಪ್ಪು ಚುಕ್ಕೆಯ ಮೂರು ಹಣ್ಣು ಬೇಕು. ಹಣ್ಣಾಗುತ್ತಾ ಹೋದಂತೆ ಅದರ ಪಿಷ್ಟವೇ ಸಕ್ಕರೆಯಾಗುವುದರಿಂದ 120 ಗ್ರಾಂ ಸಕ್ಕರೆ ಸಾಕು. ಜೊತೆಗೆ 200 ಗ್ರಾಂ ಮೈದಾ, 80 ಮಿಲಿಲೀಟರ್ ಎಣ್ಣೆ, ಎರಡು ಮೊಟ್ಟೆ ಅಥವಾ ಅರ್ಧ ಕಪ್ ಮೊಸರು, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ, ಚಿಟಿಕೆ ಉಪ್ಪು. 180ರಲ್ಲಿ 45ರಿಂದ 50 ನಿಮಿಷ. ಹಣ್ಣು ಹಿಸುಕುವುದು ಮಗನ ಪಾಲಿಗೆ. ಹಿಟ್ಟು ಬೆರೆಸುವುದು ಮಗಳ ಪಾಲಿಗೆ, ಆದರೆ ಎಣಿಸಿ ಇಪ್ಪತ್ತು ಸುತ್ತು ಮಾತ್ರ. ಮೊದಲು ಅವಳು ಗಂಟೇ ಇರಬಾರದು ಅಂತ ಹಟ ಹಿಡಿದು ಹತ್ತು ನಿಮಿಷ ತಿರುವುತ್ತಿದ್ದಳು, ಕೇಕ್ ರಬ್ಬರ್ ಆಗುತ್ತಿತ್ತು. ಬ್ರೆಡ್ಡಿನಲ್ಲಿ ಬೇಕಾಗಿರುವ ಜಿಗುಟು ಕೇಕಿನಲ್ಲಿ ಬೇಡ. ಒಂದೇ ಮೈದಾ, ನಾದಿದರೆ ಒಂದು ಸ್ವಭಾವ, ಬಿಟ್ಟರೆ ಇನ್ನೊಂದು. ಅವಳಿಗೆ ಇದು ಅರ್ಥವಾಗಲಿಲ್ಲ, ಇಪ್ಪತ್ತು ಅನ್ನುವ ಲೆಕ್ಕ ಅರ್ಥವಾಯಿತು.

ಬಿಸ್ಕೆಟ್ ಬಗ್ಗೆ ಹೇಳುವುದು ಕಡಿಮೆ. ಒಂದು, ಎರಡು, ಮೂರು. ಸಕ್ಕರೆ 50, ಬೆಣ್ಣೆ 100, ಮೈದಾ 150 ಗ್ರಾಂ. ಕಲಸಿ, ಲಟ್ಟಿಸಿ, ಕತ್ತರಿಸಿ, 15 ನಿಮಿಷ. ಅಂಚು ಕೆಂಪಾಗುತ್ತಿದ್ದಂತೆ ತೆಗೆಯಿರಿ, ಮೆತ್ತಗಿದೆ ಅಂತ ಇನ್ನೂ ಬಿಟ್ಟರೆ ಕಲ್ಲು. ಆರಿದ ಮೇಲೆ ಗಟ್ಟಿಯಾಗುತ್ತದೆ. ಇಲ್ಲಿ ಮಾತ್ರ ಬೆಣ್ಣೆಗೆ ಬದಲಿ ಹುಡುಕಬೇಡಿ. ಕೇಕಿನಲ್ಲಿ ಎಣ್ಣೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ, ಇನ್ನೂ ಮೆದುವಾಗಿಯೇ ಇರುತ್ತದೆ. ಬಿಸ್ಕೆಟ್ಟಿನಲ್ಲಿ ಬೆಣ್ಣೆ ಬಿಟ್ಟರೆ ಉಳಿಯುವುದೇನು? ಕೇಕಿನಲ್ಲಿ ಉಳಿಸಿದ್ದನ್ನು ನಾನು ಇಲ್ಲಿ ಖರ್ಚು ಮಾಡುತ್ತೇನೆ.

ಒಂದು ವಿಷಯಕ್ಕೆ ಮಾತ್ರ ನಾನು ಗದರುತ್ತೇನೆ. ಹಸಿ ಹಿಟ್ಟು ನೆಕ್ಕುವುದು. ಹಸಿ ಮೊಟ್ಟೆ ಬೇಡ ಅಂತ ಎಲ್ಲರಿಗೂ ಗೊತ್ತು, ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಚಮಚ ನೆಕ್ಕುವ ಆಸೆಗೆ ಬದಲಿಯಾಗಿ ಹಿಸುಕಿದ ಬಾಳೆಹಣ್ಣಿನ ಒಂದು ಚಮಚ ಮೊದಲೇ ತೆಗೆದಿಡುತ್ತೇವೆ. ಇನ್ನು ಓವನ್ ಬಾಗಿಲು. ಅದು ನನ್ನದು, ನನ್ನೊಬ್ಬನದೇ. ಸುಡುತ್ತದೆ ಅನ್ನುವುದು ಒಂದು ಕಾರಣ. ಮೊದಲೆಲ್ಲ ಮಗ "ಆಯ್ತಾ" ಅಂತ ಕೇಳಿದಾಗಲೆಲ್ಲ ನಾನೇ ಬಾಗಿಲು ತೆರೆದು ತೋರಿಸುತ್ತಿದ್ದೆ. ಅರ್ಧ ಬೆಂದ ಕೇಕಿಗೆ ತಣ್ಣನೆ ಗಾಳಿ ಬಡಿದು ನಡುವೆ ಕುಸಿಯುತ್ತಿತ್ತು. ಟಾರ್ಚ್ ಬಂದದ್ದು ಆಗಲೇ.

ಕಳೆದ ಭಾನುವಾರ ಎಲ್ಲಾ ಮುಗಿದು, ಬ್ರೆಡ್ ಚೂರುಗಳನ್ನು ಆರುವ ಓವನ್ನಿಗೆ ಸೇರಿಸಿ ಕೂತಿದ್ದೆವು. ಹೆಂಡತಿ ಡ್ಯೂಟಿ ಮುಗಿಸಿ ಬಂದಳು. ಸೂಪ್ ಕುಡಿಯುತ್ತಾ ಕೇಳಿದಳು, "ಆ ಬಲ್ಬ್ ತಂದು ಆರು ತಿಂಗಳಾಯ್ತಲ್ಲ, ಯಾವಾಗ ಹಾಕ್ತೀರಿ?" ಬಲ್ಬ್ ಅಡುಗೆಮನೆಯ ಮೇಲಿನ ಡ್ರಾಯರಿನಲ್ಲಿ, ಪೆಟ್ಟಿಗೆ ಸಮೇತ ಇದೆ. ಹಾಕಲು ಎರಡು ನಿಮಿಷದ ಕೆಲಸ. ಮಗ ಟಾರ್ಚಿನ ಸೆಲ್ ಬಿಚ್ಚಿ, ಒರೆಸಿ, ಮತ್ತೆ ಹಾಕುತ್ತಿದ್ದ. ನಾನು ಅವಳಿಗೆ ಇನ್ನೊಂದು ಸೌಟು ಸೂಪ್ ಬಡಿಸಿದೆ.