ಯಲಹಂಕದಿಂದ ಕೆಜಿಎಫ್‌ವರೆಗೆ, ಹಳೆ ಕಂಬಿ ಹಿಡಿದು

ಬೆಂಗಳೂರಿಂದ ಕೆಜಿಎಫ್‌ಗೆ ಹೈವೇಯಲ್ಲಿ ಹೋದರೆ ಎರಡು ಗಂಟೆ ಸಾಕು. ನಾನು, ನಮ್ಮ ಭಾವ ಬೇಕಂತಲೇ ಸುತ್ತು ಹಾಕಿಕೊಂಡು ಹೋದೆವು. ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ಎಲ್ಲ ಮುಟ್ಟಿ ಬಂಗಾರಪೇಟೆಗೆ ಒಂದು ಸಣ್ಣ ರೈಲು ಓಡಾಡುತ್ತಿತ್ತು. ಕಂಬಿಗಳ ನಡುವೆ ಬರೀ ಎರಡೂವರೆ ಅಡಿ ಅಗಲ. ನೂರು ವರ್ಷಕ್ಕೂ ಹಿಂದೆ ಹಾಕಿದ ಲೈನು ಅದು. ಆ ದಾರಿಯಲ್ಲಿ ಏನೇನು ಉಳಿದಿದೆ ಅಂತ ನೋಡೋ ಆಸೆ ನಮಗೆ.

ನಂದಿ ಹಾಲ್ಟ್ ನೋಡಿ ಮನಸ್ಸು ತುಂಬಿತು. ಕಲ್ಲಿನ ಗೋಡೆ, ಹೆಂಚಿನ ಸೂರು, ಹಿಂದೆ ಬೆಟ್ಟ. ಈ ಸಾಲಿನ ಕೆಲವು ಹಳೆ ಸ್ಟೇಷನ್‌ಗಳನ್ನು ಹಳೆ ಕಟ್ಟಡ ಉಳಿಸೋ ಸಂಸ್ಥೆ ಇಂಟ್ಯಾಕ್‌ನವರು ರಿಪೇರಿ ಮಾಡಿಸಿ ಉಳಿಸಿದ್ದಾರೆ, ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿ. ಮುಂದಕ್ಕೆ ಹೋದ ಹಾಗೆ ಹಳೇದು ಕಾಣೋದು ಅಪರೂಪ. ತೊಂಬತ್ತರ ದಶಕದಿಂದ ಒಂದೊಂದೇ ತುಂಡು ಬ್ರಾಡ್‌ಗೇಜ್ ಆಗುತ್ತಾ ಬಂತು, ಕೋಲಾರ–ಚಿಕ್ಕಬಳ್ಳಾಪುರ ನಡುವೆ ದೊಡ್ಡ ರೈಲು ಓಡಿದ್ದು 2013ರಲ್ಲಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟು, ಶ್ರೀನಿವಾಸಪುರದ ಮಾವಿನ ತೋಪು ದಾಟಿ ಬಂಗಾರಪೇಟೆಗೆ ಬಂದಾಗ ಮಧ್ಯಾಹ್ನ. ಅಲ್ಲಿ ಬಣ್ಣವಿಲ್ಲದ ತಿಳಿ ಪಾನಿಯ ಪಾನಿಪೂರಿ ತಿನ್ನದೆ ಯಾರೂ ಮುಂದೆ ಹೋಗಲ್ಲ, ನಾವೂ ತಿಂದೆವು.

ಇಲ್ಲಿಂದ ಇನ್ನೊಂದು ಲೈನು ಶುರು. ಬಂಗಾರಪೇಟೆಯಿಂದ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂವರೆಗೆ, ಸುಮಾರು 16 ಕಿಲೋಮೀಟರ್. 1894ರಲ್ಲಿ ಚಿನ್ನದ ಗಣಿಗೋಸ್ಕರವೇ ಹಾಕಿದ್ದು. ಇಂಗ್ಲೆಂಡಿನ ಗಣಿ ಕಂಪನಿ ಜಾನ್ ಟೇಲರ್ ಇಲ್ಲಿ ಕಾಲಿಟ್ಟ ಮೇಲೆ ಗಣಿಗೆ ಏನು ಬೇಕೋ ಅದೆಲ್ಲ ಬಂತು. ಬೇತಮಂಗಲದಿಂದ ಪಾಲಾರ್ ನೀರು ಬಂತು. 1902ರಲ್ಲಿ ಶಿವನಸಮುದ್ರದಿಂದ ನೂರಾರು ಹಳ್ಳಿಗಳ ತಲೆಯ ಮೇಲೆ ತಂತಿ ಎಳೆದು ಕರೆಂಟ್ ತಂದರು, ಬೆಂಗಳೂರಿಗೆ ಕರೆಂಟ್ ಬಂದಿದ್ದು ಆಮೇಲೆ, 1905ರಲ್ಲಿ. ಸಾಹೇಬರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕಲ್ಲು ಒಡೆಯೋಕೆ ಬಂದ ತಮಿಳು ಕಾರ್ಮಿಕರಿಗೆ ತಟ್ಟಿ ಗೋಡೆಯ ಸಾಲುಮನೆ, ಅದನ್ನೇ ಲೈನ್ ಮನೆ ಅನ್ನೋದು.

ಆ ಲೈನ್ ಮನೆಗಳಲ್ಲಿ ಈಗಲೂ ಜನ ಇದ್ದಾರೆ. ಪಾಳು ಬಿದ್ದ ಊರು ಅಂತ ಕ್ಯಾಮೆರಾ ಹಿಡಿದು ಬರೋರಿಗೆ ಇದು ಗೊತ್ತಿರಲಿ. ಗಣಿಗೆ ಇಳಿಯೋ ಬಾವಿಗಳು, ಅಂದರೆ ಶಾಫ್ಟ್‌ಗಳು ಪಾಳು ಬಿದ್ದಿವೆ, ಊರು ಬಿದ್ದಿಲ್ಲ. ಒಂದು ಬೀದಿಯಲ್ಲಿ ಬೇಲಿ ಕಂಬ ವಿಚಿತ್ರವಾಗಿ ಕಂಡಿತು. ಹತ್ತಿರ ಹೋಗಿ ಕೈಯಿಟ್ಟು ನೋಡಿದರೆ ಅದು ಟ್ರಾಲಿ ಓಡುತ್ತಿದ್ದ ಸಣ್ಣ ಕಂಬಿ! ಶಾಫ್ಟಿಂದ ಮಿಲ್ಲಿಗೆ ಅದಿರು ಸಾಗಿಸಿದ ಕಂಬಿಯನ್ನು ಕತ್ತರಿಸಿ ನೆಟ್ಟಿದ್ದಾರೆ. ಮೇಲ್ಭಾಗ ಚಕ್ರ ಉಜ್ಜಿ ಉಜ್ಜಿ ಒಂದೇ ಕಡೆ ಸವೆದಿತ್ತು. ಅದಕ್ಕೆ ಬಟ್ಟೆ ಒಣಗಿಸೋ ದಾರ ಕಟ್ಟಿದ್ದರು.

ಆ ಮನೆಯ ಹಿರಿಯರು ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ನಾವು ಕಂಬ ಮುಟ್ಟಿ ನೋಡ್ತಿರೋದು ಕಂಡು ಅವರೇ ಕರೆದು ಕೂರಿಸಿ ಟೀ ಕೊಟ್ಟರು. ಆ ಗಣಿ 3 ಕಿಲೋಮೀಟರ್‌ಗಿಂತ ಆಳ. ತಳದಲ್ಲಿ ಬಂಡೆಯೇ 60 ಡಿಗ್ರಿ ದಾಟಿ ಕಾಯುತ್ತಿತ್ತು. "ಬಟ್ಟೆ ಹಿಂಡಿದ್ರೆ ನೀರು ಸುರಿಯೋದಪ್ಪ, ಹಿಂಡಿ ಮತ್ತೆ ಅದನ್ನೇ ಹಾಕ್ಕೊಳ್ಳೋದು" ಅಂದರು. ಆಳದಲ್ಲಿ ಒತ್ತಡ ತಡೆಯಲಾರದೆ ಬಂಡೆ ಸಿಡಿಯುತ್ತಿತ್ತು, ರಾಕ್‌ಬರ್ಸ್ಟ್ ಅಂತಾರೆ. ಮೇಲೆ ಮನೆಯಲ್ಲಿ ಪಾತ್ರೆ ಅಲುಗಾಡಿದ್ರೆ ಸಾಕು, ಹೆಂಗಸರು ಒಲೆ ಮೇಲಿನ ಅನ್ನ ಬಿಟ್ಟು ಶಾಫ್ಟ್ ಕಡೆ ಓಡುತ್ತಿದ್ದರಂತೆ. ಇದನ್ನು ಹೇಳುವಾಗ ಅವರ ಹೆಂಡತಿ ಒಳಗಿಂದ ಬಂದು ಬಾಗಿಲಲ್ಲಿ ನಿಂತರು, ಏನೂ ಮಾತಾಡಲಿಲ್ಲ.

ಬಂಡೆ ಬಿದ್ದು ಸತ್ತವರ ಲೆಕ್ಕವಾದರೂ ಇರುತ್ತೆ. ಧೂಳು ಕುಡಿದು ನಿಧಾನಕ್ಕೆ ಸತ್ತವರದ್ದು? 1940ರಿಂದ 46ರ ನಡುವೆ ಇಲ್ಲಿ 7,653 ಕಾರ್ಮಿಕರ ತಪಾಸಣೆ ಆಯಿತು. ನೂರಕ್ಕೆ 43ಕ್ಕಿಂತ ಜಾಸ್ತಿ ಜನರಿಗೆ ಸಿಲಿಕೋಸಿಸ್ ಇತ್ತು, ಕಲ್ಲಿನ ಧೂಳಿಂದ ಶ್ವಾಸಕೋಶ ಕೆಡೋ ಕಾಯಿಲೆ ಅದು. ಹತ್ತಿರ ಹತ್ತಿರ ಅರ್ಧ ಜನ! ನೂರಿಪ್ಪತ್ತು ವರ್ಷದಲ್ಲಿ 800 ಟನ್ ಚಿನ್ನ ತೆಗೆದರು ಅಂತ ಎಲ್ಲರೂ ಹೇಳ್ತಾರೆ, ಈ ಲೆಕ್ಕ ಯಾರೂ ಹೇಳಲ್ಲ. ನನಗೆ ಆ 800 ಟನ್‌ಗಿಂತ ಇದು ಮುಖ್ಯ ಅನ್ನಿಸುತ್ತೆ. 1930ರಲ್ಲಿ ಬೆರಳಚ್ಚು ಕೊಡೋ ನಿಯಮದ ವಿರುದ್ಧ ಇದೇ ಕಾರ್ಮಿಕರು ದೊಡ್ಡ ಮುಷ್ಕರ ಮಾಡಿದ್ದರು. ಅದು ಕೂಡ ನಮ್ಮ ಶಾಲೆಯ ಪಾಠದಲ್ಲಿ ಬರಲಿಲ್ಲ.

ಇನ್ನೊಂದು ವಿಷಯ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಆಕಾಶದಿಂದ ಬರೋ ನ್ಯೂಟ್ರಿನೋ ಅನ್ನೋ ಅತಿ ಸಣ್ಣ ಕಣಗಳ ಸುಳಿವು 1965ರಲ್ಲಿ ಸಿಕ್ಕಿದ್ದು ಇದೇ ಗಣಿಯ ಆಳದಲ್ಲಿ, ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ ಮಾಡಿದ ಕೆಲಸ ಅದು.

ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ 3 ಗ್ರಾಂ ಆಸುಪಾಸು ಚಿನ್ನ ಸಿಗುತ್ತಿತ್ತು. ಖರ್ಚು ಹುಟ್ಟಲಿಲ್ಲ. 2001ರ ಫೆಬ್ರವರಿ 28ಕ್ಕೆ ಆಗ ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಆದರೆ ಮಾರಿಕುಪ್ಪಂ ರೈಲು ನಿಲ್ಲಲಿಲ್ಲ. ಗಣಿಗೆ ಅಂತ ಹಾಕಿದ ಲೈನಿನಲ್ಲಿ ಈಗ ಸಾವಿರಾರು ಜನ ಬೆಳಗಿನ ಜಾವ ಎದ್ದು ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ, ರಾತ್ರಿ ವಾಪಸ್. ಆ ಹಿರಿಯರ ಮಗನೂ ಹಾಗೇ. ಅಪ್ಪ ದಿನಾ 3 ಕಿಲೋಮೀಟರ್ ಕೆಳಗಿಳಿದರು, ಮಗ ದಿನಾ ಬೆಂಗಳೂರಿಗೆ ಹೋಗಿ ಬರ್ತಾನೆ. ಊರಲ್ಲೇ ಒಂದು ಕೆಲಸ ಇನ್ನೂ ಹುಟ್ಟಿಲ್ಲ ಅನ್ನೋದು ನನಗೆ ನಿಜವಾಗಲೂ ಸಿಟ್ಟು ತರಿಸುತ್ತೆ. ಕರೆಂಟು, ನೀರು, ರೈಲು ಎಲ್ಲ ತಂದವರಿಗೆ, ಆಮೇಲೆ ಬಂದು ನಡೆಸಿದವರಿಗೆ, ಈ ಜನ ನೆನಪಾಗಲಿಲ್ಲವಲ್ಲ.

ನೀವು ಹೋಗೋದಾದರೆ ಒಂದು ದಿಕ್ಕಿಗಾದರೂ ಆ ರೈಲಲ್ಲೇ ಹೋಗಿ, ಬೆಂಗಳೂರಿನಿಂದ ನೇರ ಸಿಗುತ್ತೆ. ಆಷಾಢದ ಗಾಳಿಯಲ್ಲಿ ಬೇಡ, ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ ಸುರಿದ ಸೈನೈಡ್ ಗುಡ್ಡದಿಂದ ಬಿಳಿ ಧೂಳು ಊರಿಗೆಲ್ಲ ಹಾರುತ್ತೆ. ಗುಡ್ಡ ಚೆನ್ನಾಗಿ ಕಾಣುತ್ತೆ ಅಂತ ಮಕ್ಕಳನ್ನು ಹತ್ತಿಸಿ ಫೋಟೋ ತೆಗೀಬೇಡಿ. ಬೇಲಿ ಹಾಕಿದ ಶಾಫ್ಟ್ ಹತ್ತಿರ ಸುಮ್ನೆ ಹೋಗೋದೂ ಬೇಡ. ಲೈನ್ ಮನೆ ಬೀದಿಗೆ ಹೋದರೆ ಮೊದಲು ಮಾತಾಡಿಸಿ, ಆಮೇಲೆ ಕ್ಯಾಮೆರಾ ತೆಗೀರಿ. ಗಣಿಯಲ್ಲಿ ಇಳಿದವರು ಈಗ ವರ್ಷ ವರ್ಷಕ್ಕೂ ಕಮ್ಮಿ ಆಗುತ್ತಿದ್ದಾರೆ. ಕನ್ನಡ, ತಮಿಳು, ತೆಲುಗು ಯಾವುದರಲ್ಲಿ ಕೇಳಿದರೂ ಹೇಳ್ತಾರೆ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಲಾ ಅಂತ ಕೇಳಿ ಮಾಡಿಕೊಳ್ಳಿ.