ಟಬ್ಬಿನ ಅಂಚು ಮತ್ತು ಅಪ್ಪನ ವೈಟ್ ಸಿಮೆಂಟು

ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಹಳೇ ಮನೆ. ಬಾತ್‌ಟಬ್ ಅಂತ ಹೆಸರಿಗಿದೆ, ಅದರೊಳಗೆ ಬಕೆಟ್ಟು, ಚೊಂಬು ಇಟ್ಕೊಂಡೇ ನಮ್ಮ ಸ್ನಾನ. ಟಬ್ಬು, ಗೋಡೆಯ ಟೈಲ್ಸು ಸೇರುವ ಕಡೆ ಸುತ್ತಲೂ ಒಂದು ಬಿಳಿ ಪಟ್ಟಿ ಇರುತ್ತಲ್ಲ, ಇಲ್ಲಿನವರು ಕಾಕ್ ಅಂತಾರೆ, ಅದು ನಮ್ಮಲ್ಲಿ ಕಪ್ಪಾಗಿ ಎಷ್ಟೋ ತಿಂಗಳಾಗಿತ್ತು. ಬ್ಲೀಚ್ ಹಾಕಿ ಟೂತ್‌ಬ್ರಷ್‌ನಲ್ಲಿ ತಿಕ್ಕಿದೆ. ಹೋಗಲಿಲ್ಲ. ಬೂಷ್ಟು ಮೇಲಲ್ಲ, ಪಟ್ಟಿಯ ಹಿಂದೆ ಬೆಳೆದಿತ್ತು.

ಕೆಲಸದವನನ್ನು ಕೇಳಿದರೆ 250 ಡಾಲರ್ ಅಂದ. ಆ ಪಟ್ಟಿ ಹಾಕೋ ಸಿಲಿಕಾನ್ ಅಂಟಿನ ಟ್ಯೂಬಿಗೆ 10 ಡಾಲರ್ ಆಸುಪಾಸು. ಗಂಡ ಬೇರೆ ಊರಲ್ಲಿದ್ದರು, ನಾನೇ ಮಾಡ್ತೀನಿ ಅಂತ ಹೊರಟೆ.

ಮೈಸೂರಿಂದ ಅಪ್ಪ ಫೋನಲ್ಲಿ ನಕ್ಕರು. "ಅಲ್ಲಮ್ಮಾ, ಅಷ್ಟಕ್ಕೆ ಯಾಕೆ ಒದ್ದಾಡ್ತೀಯ, ಚೂರು ವೈಟ್ ಸಿಮೆಂಟ್ ಕಲಸಿ ಮೆತ್ತು." ನಮ್ಮ ಊರಿನ ಬಚ್ಚಲಿಗೆ ಅದು ಸರಿ, ಅಲ್ಲಿ ಯಾವುದೂ ಅಲ್ಲಾಡಲ್ಲ. ಟಬ್ಬು ಹಾಗಲ್ಲ. ತುಂಬಿಸಿದರೆ 150 ಲೀಟರ್ ನೀರು, ಅಂದ್ರೆ 150 ಕೆಜಿ ಭಾರ, ಟಬ್ಬು ಕೂದಲೆಳೆಯಷ್ಟು ಕೆಳಗಿಳಿಯುತ್ತೆ, ಸಂದು ಅಗಲವಾಗುತ್ತೆ. ಸಿಮೆಂಟು ಅಲ್ಲೇ ಬಿರುಕು ಬಿಡುತ್ತೆ. ಅದಕ್ಕೇ ಅಲ್ಲಿಗೆ ರಬ್ಬರಿನಂಥದ್ದೇ ಆಗಬೇಕು, ಅದನ್ನೂ ಟಬ್ಬಿಗೆ ನೀರು ತುಂಬಿಸಿಟ್ಟು, ಸಂದು ಅಗಲವಾಗಿರುವಾಗಲೇ ಹಚ್ಚಬೇಕು.

ಹಳೇದು ಕೀಳೋಕೆ ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆ. ಇಡೀ ಶನಿವಾರ ಹೋಯ್ತು. ಮೇಲೊಂದು ಕೆಳಗೊಂದು ಗೀರು ಹಾಕಿ ಎಳೆದರೆ ಮೊದಲ ಒಂದು ಮೊಳ ಹುರುಳಿಕಾಯಿ ನಾರು ಬಂದ ಹಾಗೆ ಸಲೀಸಾಗಿ ಬಂತು, ಆಹಾ ಅನ್ನಿಸಿತು. ಅದರ ಕೆಳಗೆ ಇನ್ನೊಂದು ಪದರ. ಅದರ ಕೆಳಗೆ ಮತ್ತೊಂದು! ಹಿಂದಿದ್ದವರು ಕೀಳದೆ ಮೇಲೆ ಮೇಲೆ ಬಳಿದಿದ್ದರು. ಹಳೇ ಸಿಲಿಕಾನ್ ಮೇಲೆ ಹೊಸ ಸಿಲಿಕಾನ್ ಕಚ್ಚಿಕೊಳ್ಳಲ್ಲ, ಚೂರು ಉಳಿದರೂ ಅಲ್ಲಿಂದಲೇ ಏಳುತ್ತೆ. ಹಲಸಿನ ಮೇಣದ ಹಾಗೆ ಅಂಟಿದ್ದನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಕೆರೆದು ಕೆರೆದು ಸೊಂಟ ಬಿದ್ದುಹೋಯ್ತು. ಕೊನೆಗೆ ಸ್ಪಿರಿಟ್‌ನಲ್ಲಿ ಒರೆಸಿ, ರಾತ್ರಿಯೆಲ್ಲ ಒಣಗಲು ಬಿಟ್ಟೆ.

ಭಾನುವಾರ ಟಬ್ಬು ತುಂಬಿಸಿ ಅಂಚಿಗೆ ಮೇಲೆ ಕೆಳಗೆ ನೀಲಿ ಟೇಪ್ ಅಂಟಿಸಿ, ಪ್ಯಾಂಟ್ ಮಡಚಿ ಅದೇ ನೀರಲ್ಲಿ ನಿಂತೆ, ಅಂಚಿಗೆ ಒಂದು ಹನಿ ಸಿಡಿಯಬಾರದು ಅಂತ ಅಲ್ಲಾಡದೆ. ಸಿಲಿಕಾನ್ ಟ್ಯೂಬ್ ಕೂರಿಸಿದ ಗನ್ ಒತ್ತಿದೆ, ಏನೂ ಬರಲಿಲ್ಲ. ಜೋರಾಗಿ ಒತ್ತಿದೆ, ಊಹೂಂ. ಮೂತಿ ಕತ್ತರಿಸಿದ್ದೆ, ಅದರೊಳಗೆ ಇನ್ನೊಂದು ಸೀಲ್ ಇರುತ್ತೆ, ಅದನ್ನು ಚುಚ್ಚಬೇಕು ಅಂತ ಯಾರಿಗೆ ಗೊತ್ತು? ಚುಚ್ಚಿದ್ದೇ ತಡ, ಅಷ್ಟು ಹೊತ್ತು ಒತ್ತಿದ್ದೆಲ್ಲ ಒಟ್ಟಿಗೇ ಬುಳುಕ್ ಅಂತ ಮೂಲೆಗೆ ಸುರಿಯಿತು. ನಿಲ್ಲಿಸೋಕೆ ಗನ್ ಹಿಂದಿನ ಲಿವರ್ ಒತ್ತಬೇಕು ಅಂತ ತಿಳಿಯೋ ಹೊತ್ತಿಗೆ ಕೈ, ಮೊಣಕೈ, ಕೂದಲು ಎಲ್ಲ ಬಿಳಿ.

ಉಳಿದ ಕಡೆಯೆಲ್ಲ ಪರವಾಗಿಲ್ಲ. ಸೋಪಿನ ನೀರಲ್ಲಿ ಬೆರಳು ಅದ್ದಿ ಒಂದೇ ಎಳೆತಕ್ಕೆ ನೀವಿ, ಒಣಗೋ ಮುಂಚೆ ಟೇಪ್ ಕಿತ್ತೆ. ಮನೆಯೆಲ್ಲ ವಿನೆಗರ್ ವಾಸನೆ, ಗೋಬಿ ಮಂಚೂರಿ ಗಾಡಿ ಮುಂದೆ ನಿಂತ ಹಾಗೆ.

24 ಗಂಟೆ ನೀರು ಬಿಡೋ ಹಾಗಿರಲಿಲ್ಲ. ಸ್ನಾನ ಗೆಳತಿ ಮನೇಲಿ. ಮಗ ಕಾಗದದ ದೋಣಿ ಬಿಡ್ತೀನಿ ಅಂತ ಬಾಗಿಲು ಬಡಿಯುತ್ತಲೇ ಇದ್ದ, ಒಳಗೆ ಬಿಡಲಿಲ್ಲ, ಪಾಪ.

ಸೋಮವಾರ ಸಂಜೆ ಬಿರಡೆ ಎಳೆದು ಪಕ್ಕದಲ್ಲೇ ಕೂತು ನೋಡಿದೆ. ನೀರು ಇಳಿಯಿತು, ಪಟ್ಟಿ ಎಲ್ಲೂ ಬಾಯಿ ಬಿಡಲಿಲ್ಲ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಹೆಮ್ಮೆಯಿಂದ ಸುತ್ತ ತೋರಿಸಿದೆ. ಕನ್ನಡಕ ಏರಿಸಿ ಸುಮಾರು ಹೊತ್ತು ನೋಡಿದರು.

"ಆ ಮೂಲೇಲಿ ಏನಮ್ಮಾ ಅದು, ಗಂಟು?"

ಬಕೆಟ್ಟು ಈಗ ಆ ಮೂಲೆಯಲ್ಲಿರುತ್ತೆ.